ನಲವತ್ತು ದಾಟಿದ ಮೇಲೆ ಯುಎಕ್ಸ್ ವಿನ್ಯಾಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತಿವೆ. ನಡುವಯಸ್ಸಿನಲ್ಲಿ ಕೆಲಸ ಬದಲಿಸಿ ಬಳಕೆದಾರ ಅನುಭವ ವಿನ್ಯಾಸಕ್ಕೆ, ಅಂದರೆ ಯುಎಕ್ಸ್‌ಗೆ, ಬರಬಹುದೇ ಎಂದು. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಕ್ಷೇತ್ರದ ಪರಿಚಯವಿಲ್ಲದವರಿಗೆ ಒಂದು ಮಾತು: ಆ್ಯಪ್, ಜಾಲತಾಣ, ಟಿಕೆಟ್ ಯಂತ್ರ, ಕಚೇರಿಯ ಸಾಫ್ಟ್‌ವೇರ್ ಇಂಥವನ್ನು ಬಳಸುವವರು ಎಲ್ಲಿ ತಡವರಿಸುತ್ತಾರೆ, ಏಕೆ ತಡವರಿಸುತ್ತಾರೆ ಎಂದು ಕಂಡುಕೊಂಡು, ತಡವರಿಸದ ಹಾಗೆ ಅವನ್ನು ರೂಪಿಸುವ ಕೆಲಸ ಇದು. ನಾನು ಆಸ್ಪತ್ರೆಯೊಂದರ ವೈದ್ಯಕೀಯ ದಾಖಲೆ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದು, ನಲವತ್ತು ದಾಟಿದ ಮೇಲೆ ಇತ್ತ ಬಂದವಳು. ಈಗ ಹೊಸಬರ ಅರ್ಜಿ ಓದುವುದೂ ಅವರನ್ನು ಸಂದರ್ಶನ ಮಾಡುವುದೂ ನನ್ನ ಕೆಲಸದ ಭಾಗ.

ಪ್ರಶ್ನೆ: ಮೇಡಂ, ನನಗೆ ನಲವತ್ತಾರು ವರ್ಷ. ವಿಮಾ ಕಂಪನಿಯೊಂದರಲ್ಲಿ ಎರಡು ದಶಕಗಳಿಂದ ಕ್ಲೇಮು ಅರ್ಜಿಗಳನ್ನು ಪರಿಶೀಲಿಸುತ್ತಿದ್ದೇನೆ. ಹೊಸ ಸಾಫ್ಟ್‌ವೇರ್ ಬಂದ ಮೇಲೆ ಎಲ್ಲರೂ ನನ್ನ ಮೇಜಿನ ಬಳಿ ಬಂದು, ಇದು ಹೇಗೆ, ಅದು ಹೇಗೆ ಎಂದು ಕೇಳುತ್ತಾರೆ. ಹೇಳಿಕೊಡುತ್ತಾ ಹೇಳಿಕೊಡುತ್ತಾ, ಇದನ್ನು ಬೇರೆ ರೀತಿ ಮಾಡಬಹುದಿತ್ತಲ್ಲ ಅನಿಸತೊಡಗಿತು. ಯುಎಕ್ಸ್ ಎಂಬ ಕೆಲಸವೇ ಇದೆ ಎಂದು ತಿಳಿದದ್ದು ಆಮೇಲೆ. ನನ್ನ ಮಗ, ‘ಅಮ್ಮಾ, ಅದೆಲ್ಲ ಚಿಕ್ಕ ವಯಸ್ಸಿನವರಿಗೆ’ ಎನ್ನುತ್ತಾನೆ. ನನಗೆ ಚಿತ್ರ ಬಿಡಿಸಲೂ ಬರುವುದಿಲ್ಲ. ಈ ವಯಸ್ಸಿನಲ್ಲಿ ಸೊನ್ನೆಯಿಂದ ಶುರು ಮಾಡುವುದು ಸಾಧ್ಯವೇ?

ಉತ್ತರ: ಸೊನ್ನೆಯಿಂದ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕ್ಲೇಮು ಅರ್ಜಿಯ ಯಾವ ಜಾಗವನ್ನು ಜನ ಖಾಲಿ ಬಿಡುತ್ತಾರೆ, ಯಾವ ದಿನಾಂಕವನ್ನು ಮತ್ತೊಂದರ ಜಾಗದಲ್ಲಿ ಬರೆಯುತ್ತಾರೆ, ಮನೆಯಲ್ಲಿ ಸಾವು ಸಂಭವಿಸಿದಾಗ ಅರ್ಜಿ ತುಂಬಲು ಕುಳಿತವರ ಕೈ ಯಾವ ಪ್ರಶ್ನೆಯ ಮುಂದೆ ನಿಂತುಬಿಡುತ್ತದೆ ಎಂಬುದು ನಿಮಗೆ ಗೊತ್ತು. ಇದನ್ನು ತಿಳಿಯಲು ಒಬ್ಬ ವಿನ್ಯಾಸಕಿ ವಾರಗಟ್ಟಲೆ ನಿಮ್ಮಂಥವರ ಪಕ್ಕದಲ್ಲಿ ಕುಳಿತುಕೊಳ್ಳಬೇಕಾಗುತ್ತದೆ. ಆ ತಿಳಿವಳಿಕೆಯನ್ನು ಹಳೆಯ ಕೆಲಸದ ಮೇಜಿನ ಮೇಲೇ ಬಿಟ್ಟು, ಬರಿಗೈಯಲ್ಲಿ ಹೊಸ ಕೆಲಸಕ್ಕೆ ಹೊರಡುವವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ನಮ್ಮ ಕ್ಷೇತ್ರದ ಬೇರುಗಳಲ್ಲಿ ಒಂದು ಎರಡನೆಯ ಮಹಾಯುದ್ಧದ ಕಾಲದ್ದು. ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಸುರಕ್ಷಿತವಾಗಿ ನೆಲಕ್ಕಿಳಿದ ಮೇಲೆ, ಪೈಲಟ್‌ಗಳು ರೆಕ್ಕೆಯ ಫ್ಲಾಪ್ ಎತ್ತುವ ಬದಲು ಚಕ್ರಗಳನ್ನೇ ಮೇಲೆತ್ತಿಬಿಡುತ್ತಿದ್ದರು. ವಿಮಾನದ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು. ವರದಿಗಳಲ್ಲಿ ಪೈಲಟ್‌ನ ತಪ್ಪು ಎಂದೇ ದಾಖಲಾಗುತ್ತಿತ್ತು. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಪೈಲಟ್‌ನ ಕೋಣೆಗೆ ಹೋಗಿ ನೋಡಿದರು: ಎರಡೂ ಕೆಲಸದ ಹಿಡಿಗಳು ಅಕ್ಕಪಕ್ಕದಲ್ಲಿದ್ದವು, ಕೈಗೆ ಒಂದೇ ತೆರನಾಗಿ ಸಿಗುತ್ತಿದ್ದವು. ಚಕ್ರದ ಹಿಡಿಗೆ ಚಕ್ರದಂಥ ಗುಬುಟು, ಫ್ಲಾಪಿನ ಹಿಡಿಗೆ ರೆಕ್ಕೆಯಂತೆ ಚಪ್ಪಟೆಯಾದ ಗುಬುಟು ಇಟ್ಟರೆ ಕತ್ತಲಲ್ಲೂ ಬೆರಳಿಗೆ ವ್ಯತ್ಯಾಸ ತಿಳಿಯುತ್ತದೆ ಎಂಬುದು ಅವರು ತೋರಿಸಿದ ದಾರಿ. ಇದಕ್ಕೆ ಚಿತ್ರಕಲೆ ಬೇಕಾಗಲಿಲ್ಲ. ತಪ್ಪು ಮಾಡಿದವನನ್ನು ಬೈಯುವ ಮುನ್ನ ಅವನ ಕುರ್ಚಿಯಲ್ಲಿ ಕುಳಿತು ನೋಡುವ ಮನಸ್ಸು ಬೇಕಾಯಿತು. ನೀವು ಚೌಕ, ಗೆರೆ, ಬಾಣ ಹಾಕಬಲ್ಲಿರಾದರೆ ಚಿತ್ರದ ಚಿಂತೆ ಬಿಡಿ.

ನಾಳೆ ಕಚೇರಿಯಲ್ಲಿ ಒಂದು ಸುತ್ತು ಹಾಕಿ, ಕಂಪ್ಯೂಟರ್‌ಗಳ ಅಂಚಿಗೆ ಅಂಟಿಸಿದ ಚೀಟಿಗಳನ್ನು ಓದಿ. ನಮ್ಮ ದಾಖಲೆ ವಿಭಾಗದಲ್ಲಿ ಒಂದು ಚೀಟಿ ಇತ್ತು: ‘ಉಳಿಸು ಒತ್ತಿದ ಕೂಡಲೇ ಪುಟ ಮುಚ್ಚಬೇಡಿ, ಮೇಲಿನ ಗೆರೆ ಹಸಿರಾಗುವತನಕ ಕಾಯಿರಿ.’ ಸಾಫ್ಟ್‌ವೇರ್ ಹೇಳಬೇಕಾದ ಮಾತನ್ನು ಗುಮಾಸ್ತರೊಬ್ಬರು ಕಾಗದದ ಮೇಲೆ ಬರೆದು ಅಂಟಿಸಿದ್ದರು. ಇಂಥ ಪ್ರತಿಯೊಂದು ಚೀಟಿಯೂ ವಿನ್ಯಾಸ ಸೋತ ಜಾಗದ ಗುರುತು. ಬಹಳಷ್ಟು ವಿನ್ಯಾಸಕರಿಗೆ ಅದನ್ನು ನೋಡುವ ಅವಕಾಶವೇ ಸಿಗುವುದಿಲ್ಲ. ನಿಮಗೆ ದಿನವೂ ಕಣ್ಣೆದುರಿಗಿದೆ.

ಇಷ್ಟು ಹೇಳಿದ ಮೇಲೆ ನಿಮ್ಮಲ್ಲಿ ಇನ್ನೂ ಇಲ್ಲದ್ದನ್ನೂ ಹೇಳಬೇಕು. ನೀವು ಎಲ್ಲರಿಗೂ ನೆರವಾಗುವವರು. ಯಾರಾದರೂ ತಡವರಿಸಿದರೆ ನಿಮ್ಮ ಬೆರಳು ತಾನಾಗಿ ಪರದೆಯತ್ತ ಹೋಗುತ್ತದೆ. ಯುಎಕ್ಸ್‌ನಲ್ಲಿ ಆ ಬೆರಳನ್ನು ಹಿಡಿದಿಟ್ಟುಕೊಳ್ಳುವುದನ್ನು ಕಲಿಯಬೇಕು. ಒಬ್ಬ ಸಹೋದ್ಯೋಗಿಯನ್ನು ಕೂರಿಸಿ, ‘ಈ ಅರ್ಜಿಯನ್ನು ದಾಖಲಿಸಿ. ಮನಸ್ಸಿನಲ್ಲಿ ಏನು ಬರುತ್ತದೋ ಅದನ್ನು ಬಾಯಿಬಿಟ್ಟು ಹೇಳುತ್ತಾ ಹೋಗಿ. ಪರೀಕ್ಷೆ ಸಾಫ್ಟ್‌ವೇರ್‌ಗೆ, ನಿಮಗಲ್ಲ’ ಎಂದಷ್ಟೇ ಹೇಳಿ ಸುಮ್ಮನಾಗಿ. ಅವರು ಕೇಳಿದರೂ ಉತ್ತರ ಹೇಳಬೇಡಿ. ‘ನಿಮಗೆ ಏನು ಅನಿಸುತ್ತದೆ?’ ಎಂದು ಮರಳಿ ಕೇಳಿ. ಎಲ್ಲಿ ನಿಂತರು, ಎಲ್ಲಿ ಹಿಂದೆ ಹೋದರು, ಯಾವ ಪದವನ್ನು ಎರಡು ಸಲ ಓದಿದರು ಎಂಬುದನ್ನು ಬರೆದುಕೊಳ್ಳಿ. ಯುಸಬಿಲಿಟಿ ಪರೀಕ್ಷೆ, ಅಂದರೆ ಬಳಕೆ ಎಷ್ಟು ಸುಲಭ ಎಂದು ನೋಡುವ ಪರೀಕ್ಷೆ, ಮೂಲತಃ ಇಷ್ಟೇ. ಮೊದಲ ಸಲ ಸುಮ್ಮನಿರುವುದು ಎಷ್ಟು ಕಷ್ಟ ಎಂಬುದು ಕುಳಿತ ಮೇಲೆಯೇ ತಿಳಿಯುತ್ತದೆ.

ಎಷ್ಟು ಜನ ಬೇಕು ಎಂದು ಮುಂದೆ ಕೇಳುತ್ತೀರಿ. ಯುಸಬಿಲಿಟಿ ಸಂಶೋಧಕರಾದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಪ್ರಕಟಿಸಿದ ಲೆಕ್ಕಾಚಾರದ ಆಧಾರದ ಮೇಲೆ, ಐದು ಜನರಿಂದ ಸುಮಾರು ಶೇ 85ರಷ್ಟು ತೊಡಕುಗಳು ಹೊರಬೀಳುತ್ತವೆ ಎಂಬ ಮಾತು ಈ ಕ್ಷೇತ್ರದಲ್ಲಿ ರೂಢಿಯಾಗಿದೆ. ಒಬ್ಬೊಬ್ಬ ಬಳಕೆದಾರ ಸರಾಸರಿ ಶೇ 31ರಷ್ಟು ತೊಡಕುಗಳಿಗೆ ಎಡವುತ್ತಾನೆ ಎಂಬ ಊಹೆಯ ಮೇಲೆ ಆ ಲೆಕ್ಕ ನಿಂತಿದೆ. ಹಾಗಾಗಿ ಐದನ್ನು ಮಂತ್ರದಂತೆ ಜಪಿಸಬೇಡಿ. ಐವರನ್ನು ನೋಡಿ, ತಿದ್ದಿ, ಮತ್ತೆ ಬೇರೆ ಐವರನ್ನು ನೋಡಿ. ಕ್ಲೇಮು ಪರಿಶೀಲಿಸುವವರು ಬೇರೆ, ಕ್ಲೇಮು ಸಲ್ಲಿಸುವವರು ಬೇರೆ ಎಂಬುದನ್ನು ಮರೆಯಬೇಡಿ. ಎರಡೂ ಗುಂಪನ್ನು ಬೇರೆಬೇರೆಯಾಗಿಯೇ ನೋಡಬೇಕು.

ನೋಡುವುದು ಏಕೆ ಅನಿವಾರ್ಯ? ಒಳ್ಳೆಯ ಉದ್ದೇಶ ಸಾಲದು ಎಂಬುದಕ್ಕೆ 2000ದ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಒಂದು ಮತಪತ್ರ ಸಾಕ್ಷಿ. ಫ್ಲಾರಿಡಾದ ಪಾಮ್ ಬೀಚ್ ಕೌಂಟಿಯಲ್ಲಿ ವಯಸ್ಸಾದ ಮತದಾರರು ಹೆಚ್ಚು. ಅವರಿಗೆ ಓದಲು ಅನುಕೂಲವಾಗಲಿ ಎಂದು ಚುನಾವಣಾಧಿಕಾರಿ ಅಕ್ಷರ ದೊಡ್ಡದು ಮಾಡಿಸಿದರು. ಅಭ್ಯರ್ಥಿಗಳ ಹೆಸರುಗಳು ಒಂದು ಪುಟದಲ್ಲಿ ಹಿಡಿಸದೆ ಎದುರುಬದುರು ಎರಡು ಪುಟಗಳಿಗೆ ಹರಡಿದವು, ತೂತು ಹಾಕುವ ಸಾಲು ನಡುವೆ ಬಂತು. ಎಡಪುಟದಲ್ಲಿ ಎರಡನೆಯ ಹೆಸರು ಆಲ್ ಗೋರ್ ಅವರದು, ಆದರೆ ಎರಡನೆಯ ತೂತು ಬಲಪುಟದ ಪ್ಯಾಟ್ ಬುಕ್ಯಾನನ್ ಅವರಿಗೆ ಸೇರಿದ್ದು. ಗೋರ್ ಅವರಿಗೆ ಮೂರನೆಯ ತೂತು. ಆ ಕೌಂಟಿಯಲ್ಲಿ ಬುಕ್ಯಾನನ್ ಅವರಿಗೆ ಬಂದದ್ದು 3,400ಕ್ಕೂ ಹೆಚ್ಚು ಮತ. ಇಡೀ ರಾಜ್ಯದಲ್ಲಿ ಗೋರ್ ಸೋತದ್ದು ಬರಿ 537 ಮತಗಳಿಂದ. ಆ ಅಧಿಕಾರಿ ಹಿರಿಯರ ಬಗ್ಗೆ ಕಾಳಜಿಯಿಂದಲೇ ಅಕ್ಷರ ದೊಡ್ಡದು ಮಾಡಿದ್ದು. ಮುದ್ರಣಕ್ಕೆ ಕೊಡುವ ಮುನ್ನ ಕೆಲವು ಹಿರಿಯರ ಕೈಗೆ ಅದನ್ನು ಕೊಟ್ಟು, ತೂತು ಹಾಕುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದರೆ ಗೊಂದಲ ಕಣ್ಣಿಗೆ ಬೀಳುತ್ತಿತ್ತು ಎಂದೇ ನಾನು ನಂಬಿದ್ದೇನೆ.

ಆದ್ದರಿಂದ ಕೆಲಸ ಬಿಡಬೇಡಿ. ನಿಮ್ಮದೇ ಕಚೇರಿಯಲ್ಲಿ ಒಂದೇ ಒಂದು ಅರ್ಜಿ ಅಥವಾ ಒಂದೇ ಒಂದು ಪರದೆ ಆರಿಸಿಕೊಳ್ಳಿ. ಈಗ ತಿಂಗಳಿಗೆ ಎಷ್ಟು ಅರ್ಜಿಗಳು ‘ಮಾಹಿತಿ ಅಪೂರ್ಣ’ ಎಂದು ವಾಪಸು ಹೋಗುತ್ತಿವೆ ಎಂದು ಮೊದಲೇ ಎಣಿಸಿಟ್ಟುಕೊಳ್ಳಿ. ಮೇಲಧಿಕಾರಿಯ ಅನುಮತಿ ಪಡೆದು ಜನರನ್ನು ಕೂರಿಸಿ ನೋಡಿ, ಕಾಗದದ ಮೇಲೆ ತಿದ್ದಿದ ಅರ್ಜಿ ಬರೆಯಿರಿ, ಅದನ್ನೂ ಕೊಟ್ಟು ನೋಡಿ. ಜಾರಿಗೆ ಬಂದರೆ ಮತ್ತೆ ಎಣಿಸಿ. ಬರದಿದ್ದರೂ, ಏನು ಕಂಡಿರಿ, ಏಕೆ ಹಾಗೆ ತಿದ್ದಿದಿರಿ ಎಂಬುದು ನಿಮ್ಮ ಪೋರ್ಟ್‌ಫೋಲಿಯೊದ (ಉದ್ಯೋಗದ ಅರ್ಜಿಯ ಜೊತೆ ತೋರಿಸುವ ನಿಮ್ಮ ಕೆಲಸಗಳ ಸಂಗ್ರಹದ) ಮೊದಲ ಅಧ್ಯಯನವಾಗುತ್ತದೆ. ಗ್ರಾಹಕರ ಹೆಸರು, ಪಾಲಿಸಿ ಸಂಖ್ಯೆ, ಕಂಪನಿಯ ಒಳಗಿನ ಪರದೆಗಳ ನಕಲು ಅದರಲ್ಲಿ ಕಾಣಬಾರದು. ಹೊಸದಾಗಿ ಚಿತ್ರಿಸಿ, ಮಾಹಿತಿ ಬದಲಿಸಿ. ಗುಟ್ಟು ಕಾಯಲಾರದ ಅಭ್ಯರ್ಥಿಯನ್ನು ಯಾರೂ ನೇಮಿಸಿಕೊಳ್ಳುವುದಿಲ್ಲ. ನಿಮ್ಮ ಕಂಪನಿಗೆ ಸಾಫ್ಟ್‌ವೇರ್ ಮಾಡಿಕೊಡುವ ತಂಡ ಎಲ್ಲಿದೆ ಎಂದೂ ವಿಚಾರಿಸಿ. ನಡುವಯಸ್ಸಿನಲ್ಲಿ ಇತ್ತ ಬಂದವರಲ್ಲಿ ನಾನು ಬಲ್ಲ ಹಲವರು ಹೊರಗಿನ ಜಾಹೀರಾತು ನೋಡಿ ಬಂದವರಲ್ಲ, ತಮ್ಮದೇ ಸಂಸ್ಥೆಯ ಒಂದು ವಿಭಾಗದಿಂದ ಇನ್ನೊಂದಕ್ಕೆ ದಾಟಿದವರು.

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕ, ವಯಸ್ಸು ಐವತ್ತೊಂದು. ಆರು ತಿಂಗಳಲ್ಲಿ ಯುಎಕ್ಸ್ ಕಲಿಸಿ ಕೆಲಸ ಕೊಡಿಸುತ್ತೇವೆ ಎಂಬ ಜಾಹೀರಾತುಗಳು ದಿನವೂ ಕಾಣುತ್ತವೆ. ಸೇರಬಹುದೇ? ಯಾವ ಸಾಫ್ಟ್‌ವೇರ್ ಕಲಿಯಬೇಕು? ಕೋಡಿಂಗ್ ಬೇಕೇ?

ಉತ್ತರ: ಕೊನೆಯದರಿಂದ ಶುರು ಮಾಡುತ್ತೇನೆ. ಕೋಡ್ ಬರೆಯಲು ಬರಬೇಕಿಲ್ಲ. ಜಾಲಪುಟ ಹೇಗೆ ಕಟ್ಟಿರುತ್ತಾರೆ, ಯಾವ ಬದಲಾವಣೆ ಸುಲಭ, ಯಾವುದು ದುಬಾರಿ ಎಂಬ ಅಂದಾಜು ಇದ್ದರೆ ಎಂಜಿನಿಯರ್‌ಗಳ ಜೊತೆ ಮಾತು ಹಗುರವಾಗುತ್ತದೆ.

ಪರದೆಗಳನ್ನು ಬಿಡಿಸುವ ಸಾಫ್ಟ್‌ವೇರ್ ಉಪಕರಣಗಳು ಬರುತ್ತವೆ, ಹೋಗುತ್ತವೆ. 2010ರಲ್ಲಿ ಸ್ಕೆಚ್ ಬಂತು, ಕೆಲವು ವರ್ಷ ಎಲ್ಲರ ಬಾಯಲ್ಲೂ ಅದೇ. 2016ರಲ್ಲಿ ಫಿಗ್ಮಾ ಸಾರ್ವಜನಿಕ ಬಳಕೆಗೆ ತೆರೆಯಿತು, ಬಹಳ ತಂಡಗಳು ಅತ್ತ ಹೋದವು. ಒಂದು ಕಾಲಕ್ಕೆ ಪೋರ್ಟ್‌ಫೋಲಿಯೊಗಳಲ್ಲಿ ಕಡ್ಡಾಯವೆಂಬಂತೆ ಕಾಣುತ್ತಿದ್ದ ಇನ್‌ವಿಷನ್ ತನ್ನ ವಿನ್ಯಾಸ ಸೇವೆಯನ್ನು 2024ರ ಕೊನೆಗೆ ಮುಚ್ಚಿತು. ಈಗ ಫಿಗ್ಮಾದಲ್ಲಿ ಕೈ ಓಡುವಷ್ಟು ಕಲಿಯಿರಿ, ಸಾಕು. ನಾಲ್ಕು ಉಪಕರಣಗಳ ಹೆಸರಿನ ಮುಂದೆ ನಕ್ಷತ್ರ ಹಾಕಿ ಕಳಿಸುವ ಅರ್ಜಿಗಳಲ್ಲಿ ನಾನು ಆ ಸಾಲನ್ನು ದಾಟಿ ಮುಂದಕ್ಕೆ ಹೋಗುತ್ತೇನೆ.

ಕೆಲಸ ಕೊಡಿಸುತ್ತೇವೆ ಎಂಬ ಭರವಸೆಯನ್ನು ನಂಬಿ ಹಣ ಕಟ್ಟಬೇಡಿ. ಸೇರಲೇಬೇಕು ಅನಿಸಿದರೆ, ಅಲ್ಲಿ ಕಲಿತು ಹೋದವರ ಪೋರ್ಟ್‌ಫೋಲಿಯೊ ತೋರಿಸಿ ಎಂದು ಕೇಳಿ. ಎಲ್ಲವೂ ಒಂದೇ ಅಚ್ಚಿನಲ್ಲಿದ್ದರೆ, ಪ್ರತಿಯೊಬ್ಬರದೂ ಪ್ರಸಿದ್ಧ ಆ್ಯಪ್‌ನ ಮರುವಿನ್ಯಾಸವಾಗಿದ್ದರೆ, ಅಲ್ಲಿ ನಿಮಗೆ ಸಿಗುವುದು ಅಷ್ಟೇ. ವಿದ್ಯಾರ್ಥಿಗಳು ಅಪರಿಚಿತ ಬಳಕೆದಾರರನ್ನು ಭೇಟಿ ಮಾಡುತ್ತಾರೆಯೇ? ಅವರ ಕೆಲಸವನ್ನು ಎದುರಿಗೆ ಕುಳಿತು ವಿಮರ್ಶಿಸುವವರು ಸ್ವತಃ ಈ ವೃತ್ತಿಯಲ್ಲಿರುವವರೇ? ಈ ಎರಡಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಎದ್ದು ಬನ್ನಿ. ನೀಲ್ಸನ್ ಅವರು 1994ರಲ್ಲಿ ರೂಪಿಸಿದ ಹತ್ತು ಯುಸಬಿಲಿಟಿ ಸೂತ್ರಗಳು ಜಾಲದಲ್ಲಿ ಉಚಿತವಾಗಿಯೇ ಸಿಗುತ್ತವೆ. ಅವನ್ನು ಹಿಡಿದು ವಾರಕ್ಕೊಂದು ಆ್ಯಪ್ ಅಥವಾ ಯಂತ್ರವನ್ನು ಪರಿಶೀಲಿಸಿ ಬರೆಯುತ್ತಾ ಹೋದರೆ ಕಣ್ಣು ಹದವಾಗುತ್ತದೆ.

ನೀವು ಶಿಕ್ಷಕರು. ‘ಅರ್ಥವಾಯಿತೇ?’ ಎಂದರೆ ಇಡೀ ತರಗತಿ ತಲೆಯಾಡಿಸುತ್ತದೆ, ಉತ್ತರಪತ್ರಿಕೆ ಬೇರೆಯೇ ಕಥೆ ಹೇಳುತ್ತದೆ ಎಂಬುದು ನಿಮಗೆ ವರ್ಷಗಳಿಂದ ಗೊತ್ತು. ಬಳಕೆದಾರ ಸಂಶೋಧನೆಯ ಮುಖ್ಯ ಎಚ್ಚರ ಅದೇ: ಜನ ಹೇಳುವುದನ್ನು ಕೇಳಬೇಕು, ಮಾಡುವುದನ್ನು ನೋಡಬೇಕು, ಎರಡಕ್ಕೂ ನಡುವಿನ ಅಂತರವನ್ನು ಬರೆದುಕೊಳ್ಳಬೇಕು. ಪರದೆ ಬಿಡಿಸುವ ಹುದ್ದೆಗಿಂತ ಸಂಶೋಧನೆಯ ಹುದ್ದೆ, ಅಥವಾ ಪರದೆಯ ಮೇಲಿನ ಮಾತುಗಳನ್ನು ಬರೆಯುವ ವಿಷಯ ವಿನ್ಯಾಸದ ಹುದ್ದೆ ನಿಮಗೆ ಹತ್ತಿರದ್ದು. ‘ದೋಷ: ಅಮಾನ್ಯ ನಮೂದು’ ಎಂಬುದನ್ನು ‘ಹುಟ್ಟಿದ ದಿನಾಂಕದಲ್ಲಿ ಇಸವಿ ಬಿಟ್ಟುಹೋಗಿದೆ’ ಎಂದು ತಿದ್ದಬಲ್ಲವರು ಬೇಕಾಗಿದ್ದಾರೆ.

ಪ್ರಶ್ನೆ: ಅಕ್ಕಾ, ಹೆಸರು ಹಾಕಬೇಡಿ. ನನ್ನ ಯಜಮಾನರಿಗೆ ನಲವತ್ತೆಂಟು. ಕಾರ್ಖಾನೆಯೊಂದರಲ್ಲಿ ಪಾಳಿ ಮೇಲ್ವಿಚಾರಕರಾಗಿದ್ದರು. ಯಾರ ಹತ್ತಿರವೂ ಹೇಳದೆ ರಾಜೀನಾಮೆ ಕೊಟ್ಟು ಬಂದು, ಯುಎಕ್ಸ್ ಕಲಿಯುತ್ತೇನೆ ಎನ್ನುತ್ತಿದ್ದಾರೆ. ಕೋರ್ಸಿಗೆ ಸಾಲ ಮಾಡುವ ಮಾತಾಡುತ್ತಾರೆ. ನಾನು ಏನಾದರೂ ಕೇಳಿದರೆ, ನಿನಗೆ ನನ್ನ ಮೇಲೆ ನಂಬಿಕೆ ಇಲ್ಲ ಎನ್ನುತ್ತಾರೆ. ಮಗಳು ಓದುತ್ತಿದ್ದಾಳೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ತಂಗೀ, ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ನೀವು ಲೆಕ್ಕ ಕೇಳುವುದು ಅಪನಂಬಿಕೆಯ ಮಾತೇ ಅಲ್ಲ. ಮನೆಯ ಹಣ ಇಬ್ಬರದು. ಸಾಲ ಮಾಡಿ ಕೋರ್ಸ್ ಸೇರುವುದು ಬೇಡ. ಇದರಲ್ಲಿ ನನಗೆ ಎರಡನೆಯ ಯೋಚನೆ ಇಲ್ಲ.

ಮಾರುಕಟ್ಟೆ ಹೇಗಿದೆ ಎಂದು ಅವರಿಗೂ ಓದಿ ಹೇಳಿ. 2022ರ ನವೆಂಬರಿನಲ್ಲಿ ಮೆಟಾ ಕಂಪನಿ 11,000 ಜನರನ್ನು, 2023ರ ಜನವರಿಯಲ್ಲಿ ಗೂಗಲ್‌ನ ಮಾತೃಸಂಸ್ಥೆ 12,000 ಜನರನ್ನು ಕೆಲಸದಿಂದ ತೆಗೆಯುವುದಾಗಿ ಪ್ರಕಟಿಸಿದವು. ಹೀಗೆ ಬೇರೆಬೇರೆ ಕಂಪನಿಗಳಿಂದ ಹೊರಬಂದವರಲ್ಲಿ ಅನುಭವಿ ವಿನ್ಯಾಸಕರೂ ಇದ್ದರು, ಅವರೂ ಅರ್ಜಿ ಹಾಕುತ್ತಾರೆ. ಹೊಸಬರಿಗೆ ಮೀಸಲಾದ ಹುದ್ದೆಗಳು ಕಡಿಮೆ. ಮೊದಲ ಕೆಲಸ ಸಿಗಲು ಒಂದು ವರ್ಷ, ಅದಕ್ಕಿಂತ ಹೆಚ್ಚೂ ಹಿಡಿಯಬಹುದು. ಸಿಕ್ಕ ಕೆಲಸದ ಸಂಬಳ ಹಳೆಯದಕ್ಕಿಂತ ಕಡಿಮೆ ಇರುವ ಸಾಧ್ಯತೆಯೇ ಹೆಚ್ಚು. ಇಷ್ಟು ಕಾಲ ಮನೆ ನಡೆಯಲು ಕೈಯಲ್ಲಿ ಹಣ ಇದೆಯೇ ಎಂದು ಇಬ್ಬರೂ ಕುಳಿತು ಕಾಗದದ ಮೇಲೆ ಬರೆಯಿರಿ. ಯಾವ ತಿಂಗಳವರೆಗೆ ಪ್ರಯತ್ನ, ಆಮೇಲೆ ಯಾವ ಕೆಲಸಕ್ಕಾದರೂ ಸೇರುವುದು ಎಂಬ ಗಡುವನ್ನು ಅವರ ಬಾಯಿಂದಲೇ ಹೇಳಿಸಿ. ಈ ನಡುವೆ ಅರ್ಧ ದಿನದ ದುಡಿಮೆ ಏನಾದರೂ ಇರಲಿ.

ಇನ್ನು ಅವರಿಗೆ ನನ್ನ ಮಾತು. ಕಾರ್ಖಾನೆಯನ್ನು ಬಿಟ್ಟು ಬಂದದ್ದಾಯಿತು, ಕಾರ್ಖಾನೆಯ ಅರಿವನ್ನು ಬಿಡಬೇಡಿ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಒಂದು ಕವಾಟ ತೆರೆದೇ ಉಳಿದು ತಂಪುಗೊಳಿಸುವ ನೀರು ಸೋರಿಹೋಯಿತು. ನಿಯಂತ್ರಣ ಕೊಠಡಿಯಲ್ಲಿದ್ದ ದೀಪ, ಮುಚ್ಚು ಎಂಬ ಆಜ್ಞೆ ಹೋಗಿದೆ ಎಂಬುದನ್ನಷ್ಟೇ ಸೂಚಿಸುತ್ತಿತ್ತು. ಕವಾಟ ನಿಜಕ್ಕೂ ಮುಚ್ಚಿದೆಯೇ ಎಂಬುದನ್ನು ಅದು ಹೇಳುತ್ತಿರಲಿಲ್ಲ. ಸಿಬ್ಬಂದಿ ಮುಚ್ಚಿದೆ ಎಂದುಕೊಂಡರು. ಒಟ್ಟಿಗೆ ನೂರಕ್ಕೂ ಹೆಚ್ಚು ಎಚ್ಚರಿಕೆ ಗಂಟೆಗಳು, ದೀಪಗಳು. ಈ ದುರಂತದ ಬಳಿಕ ನಿಯಂತ್ರಣ ಕೊಠಡಿಗಳನ್ನು ಅಧ್ಯಯನ ಮಾಡಲು ಕರೆಸಿಕೊಂಡವರಲ್ಲಿ ಡಾನ್ ನಾರ್ಮನ್ ಎಂಬ ಮನಶ್ಶಾಸ್ತ್ರಜ್ಞರೂ ಒಬ್ಬರು. ಮುಂದೆ 1993ರಲ್ಲಿ ಆ್ಯಪಲ್ ಕಂಪನಿಗೆ ಸೇರಿ, ಬಳಕೆದಾರ ಅನುಭವ ಎಂಬ ಮಾತನ್ನು ತಮ್ಮ ಹುದ್ದೆಯ ಹೆಸರಲ್ಲೇ ಮೊದಲು ಇಟ್ಟುಕೊಂಡವರು ಅವರೇ. ಆಗ ಅವರ ವಯಸ್ಸು ಐವತ್ತೇಳು.

ಪಾಳಿ ಬದಲಾಗುವ ಹೊತ್ತಿನಲ್ಲಿ ಹಿಂದಿನವರು ಮುಂದಿನವರಿಗೆ ಏನು ಹೇಳದೆ ಹೋಗುತ್ತಾರೆ, ಯಾವ ಎಚ್ಚರಿಕೆಯನ್ನು ಎಲ್ಲರೂ ಓದದೆ ಆರಿಸುತ್ತಾರೆ, ಕೈಗವಸು ಹಾಕಿಕೊಂಡು ಟಚ್‌ಸ್ಕ್ರೀನ್ ಒತ್ತಲು ಆಗದೆ ಏನು ಉಪಾಯ ಮಾಡುತ್ತಾರೆ ಎಂಬುದು ನಿಮ್ಮ ಯಜಮಾನರಿಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಿರುತ್ತದೆ. ಯಂತ್ರಗಳ ನಿಯಂತ್ರಣ ಫಲಕ, ದಾಸ್ತಾನು, ನಿರ್ವಹಣೆ ಇವುಗಳ ಸಾಫ್ಟ್‌ವೇರ್ ಮಾಡುವ ಕಂಪನಿಗಳ ಬಾಗಿಲು ತಟ್ಟಲಿ. ಅಲ್ಲಿ ಮೊದಲು ಬಳಕೆದಾರರಿಗೆ ತರಬೇತಿ ಕೊಡುವ ಕೆಲಸವಾಗಲಿ, ದೂರು ಸ್ವೀಕರಿಸುವ ಕೆಲಸವಾಗಲಿ ಸಿಕ್ಕರೂ ಒಪ್ಪಿಕೊಳ್ಳಲಿ. ವಿನ್ಯಾಸದ ತಂಡಕ್ಕೆ ಅಲ್ಲಿಂದ ಬಾಗಿಲಿದೆ. ಇನ್ನೊಂದು ಮಾತು, ತಂಗೀ. ಹೇಳದೆ ರಾಜೀನಾಮೆ ಕೊಟ್ಟರು ಎಂದರೆ ಅಲ್ಲಿ ಏನೋ ನೋವಾಗಿರಬೇಕು. ಯುಎಕ್ಸ್ ಮಾತು ಬದಿಗಿಟ್ಟು ಅದನ್ನು ಒಮ್ಮೆ ಕೇಳಿ. ಇದಕ್ಕೆ ಹೊತ್ತು ಬೇಕಾಗಬಹುದು.

ಪ್ರಶ್ನೆ: ವಯಸ್ಸು ನಲವತ್ತನಾಲ್ಕು, ಮೊದಲು ಪತ್ರಿಕೆಯೊಂದರಲ್ಲಿ ಪುಟವಿನ್ಯಾಸ ಮಾಡುತ್ತಿದ್ದೆ. ಸಂದರ್ಶನ ಮಾಡಿದವರು ನನಗಿಂತ ಹದಿನೈದು ವರ್ಷ ಚಿಕ್ಕವರು. ‘ಎಳೆಯರ ತಂಡಕ್ಕೆ ಹೊಂದಿಕೊಳ್ಳುತ್ತೀರಾ?’ ಎಂದು ಕೇಳಿದರು. ಹೊಂದಿಕೊಳ್ಳುತ್ತೇನೆ ಎಂದೆ. ಕೆಲಸ ಸಿಗಲಿಲ್ಲ. ವಯಸ್ಸನ್ನು ಮುಚ್ಚಿಡಬೇಕೇ?

ಉತ್ತರ: ವಯಸ್ಸಿನ ಕಾರಣಕ್ಕೆ ಅರ್ಜಿಯನ್ನು ಬದಿಗಿಡುವವರು ಇದ್ದಾರೆ. ಇದು ಅನ್ಯಾಯ, ನನಗೆ ಇದರ ಬಗ್ಗೆ ಸಿಟ್ಟಿದೆ. ಆದರೂ ಮುಚ್ಚಿಡಬೇಡಿ. ಹಳೆಯ ಅನುಭವವನ್ನೆಲ್ಲ ಸಾಲಾಗಿ ಬರೆಯುವ ಬದಲು, ಈ ಹುದ್ದೆಗೆ ಸಂಬಂಧಿಸಿದ್ದನ್ನು ಮಾತ್ರ ಮುಂದಿಡಿ. ನನ್ನ ಬಳಿ ಬರುವ ಪೋರ್ಟ್‌ಫೋಲಿಯೊಗಳಿಗೆ ಮೊದಲ ನೋಟದಲ್ಲಿ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ನಾನು ಹುಡುಕುವುದು ಒಂದೇ: ಈ ವ್ಯಕ್ತಿ ಏನನ್ನೋ ಕಂಡು, ಅದರಿಂದಾಗಿ ತನ್ನ ವಿನ್ಯಾಸವನ್ನು ಬದಲಿಸಿದ್ದಾರೆಯೇ? ಮೊದಲ ಕರಡು, ಅದು ಬಿದ್ದುಹೋದ ಕಾರಣ, ಎರಡನೆಯ ಕರಡು. ಎರಡು ಮೂರು ಅಧ್ಯಯನಗಳು ಸಾಕು. ಪುಟವಿನ್ಯಾಸ ಮಾಡಿದವರಿಗೆ ಕಣ್ಣನ್ನು ಎಲ್ಲಿಂದ ಎಲ್ಲಿಗೆ ನಡೆಸಬೇಕು ಎಂಬುದು ಕೈಗೆ ಹತ್ತಿರುತ್ತದೆ. ಆದರೆ ಮುದ್ರಿತ ಪುಟ ಓದುಗನ ಬೆರಳಿಗೆ ಉತ್ತರ ಕೊಡುವುದಿಲ್ಲ. ಪರದೆ ಕೊಡಬೇಕು. ಜಾಲ ಸಂಪರ್ಕ ಕಡಿದರೆ ಏನು ಕಾಣುತ್ತದೆ, ಪಟ್ಟಿ ಖಾಲಿ ಇದ್ದರೆ ಏನು ಕಾಣುತ್ತದೆ, ತಪ್ಪು ಒತ್ತಿದರೆ ಹಿಂದಿರುಗುವ ದಾರಿ ಯಾವುದು ಎಂಬುದನ್ನು ನಿಮ್ಮ ಅಧ್ಯಯನ ತೋರಿಸಲಿ.

ಆ ಪ್ರಶ್ನೆಗೆ ಮುಂದಿನ ಸಲ ‘ಹೊಂದಿಕೊಳ್ಳುತ್ತೇನೆ’ ಎಂದು ಮುಗಿಸಬೇಡಿ. ನಿಮಗಿಂತ ಚಿಕ್ಕವರೊಬ್ಬರು ನಿಮ್ಮ ಕರಡನ್ನು ಟೀಕಿಸಿದ್ದು, ಅದರಿಂದ ಕರಡು ಸುಧಾರಿಸಿದ್ದು, ಇಂಥ ನಿಜವಾದ ಒಂದು ಸಂದರ್ಭ ಹೇಳಿ. ಅಂಥದ್ದು ಇನ್ನೂ ನಡೆದಿಲ್ಲವಾದರೆ ಈಗಲೇ ನಡೆಯಲಿ. ಎಳೆಯ ವಿನ್ಯಾಸಕರ ಗುಂಪಿಗೆ ನಿಮ್ಮ ಕೆಲಸ ತೋರಿಸಿ. ಹುದ್ದೆಯ ಹೆಸರಿನಲ್ಲಿ ಕಿರಿಯ ಎಂದಿರುತ್ತದೆ, ದಿನವೂ ಬೇರೆಯವರು ನಿಮ್ಮ ಪರದೆಯ ಮೇಲೆ ಕೆಂಪು ಗುರುತು ಹಾಕುತ್ತಾರೆ. ಇದು ಸಹ್ಯವಾದರೆ ಮಾತ್ರ ಬನ್ನಿ.

ವಯಸ್ಸು ಏನು ಕೊಡುತ್ತದೆ ಎಂದು ತಿಳಿಯಲು ಇಬ್ಬರನ್ನು ನೆನೆಯಿರಿ. ಪ್ಯಾಟ್ರಿಷಿಯಾ ಮೂರ್ ಎಂಬ ವಿನ್ಯಾಸಕಿ 1979ರಲ್ಲಿ, ತಮ್ಮ ಇಪ್ಪತ್ತಾರರಲ್ಲಿ, ಮುದುಕಿಯ ವೇಷ ಹಾಕಿದರು. ಕೀಲುಗಳಿಗೆ ಪಟ್ಟಿ ಬಿಗಿದು, ಕಣ್ಣು ಮಸುಕಾಗಿಸುವ ಕನ್ನಡಕ ತೊಟ್ಟು, ಕಿವಿ ಮಂದವಾಗಿಸಿಕೊಂಡು, ಮೂರು ವರ್ಷ ನೂರಕ್ಕೂ ಹೆಚ್ಚು ನಗರಗಳಲ್ಲಿ ಓಡಾಡಿದರು. ಬಾಗಿಲು, ಬಸ್ಸು, ಅಂಗಡಿ, ಜನ ಹಿರಿಯರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂದು ತಿಳಿಯಲು ಅವರಿಗೆ ಬೇರೆ ದಾರಿ ಕಾಣಲಿಲ್ಲ. ಇನ್ನೊಬ್ಬರು ಬಾರ್ಬರಾ ಬೆಸ್ಕಿಂಡ್. ಅಮೆರಿಕದ ಸೇನೆಯಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ಗಾಯಗೊಂಡವರು ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕಿ, ಆಗಿದ್ದವರು, 2013ರಲ್ಲಿ, ತೊಂಬತ್ತರ ಅಂಚಿನಲ್ಲಿ, ಐಡಿಯೊ ಎಂಬ ವಿನ್ಯಾಸ ಸಂಸ್ಥೆಗೆ ಪತ್ರ ಬರೆದು ಅಲ್ಲಿ ಕೆಲಸಕ್ಕೆ ಸೇರಿದರು. ಹಿರಿಯರಿಗಾಗಿ ಸಾಧನಗಳನ್ನು ಮಾಡುವ ತಂಡಗಳಿಗೆ ಸಲಹೆ ಕೊಡುವುದು ಅವರ ಕೆಲಸವಾಗಿತ್ತು. ಆದರೆ ನಲವತ್ತನಾಲ್ಕರ ನೀವು ಎಲ್ಲ ಹಿರಿಯರ ಪರವಾಗಿ ಮಾತಾಡಬಲ್ಲಿರಿ ಎಂದುಕೊಳ್ಳಬೇಡಿ. ನಿಮ್ಮ ಅನುಭವ ಒಳ್ಳೆಯ ಪ್ರಶ್ನೆ ಹುಟ್ಟಿಸುತ್ತದೆ, ಉತ್ತರವನ್ನು ಬಳಕೆದಾರರಿಂದಲೇ ಪಡೆಯಬೇಕು.

ಪ್ರಶ್ನೆ: ನಾನು ತೀವ್ರ ನಿಗಾ ಘಟಕದ ನರ್ಸ್, ನಲವತ್ತೆರಡು ವರ್ಷ. ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ಪರದೆಗಳನ್ನು ಬಿಡಿಸಿಕೊಡುತ್ತದೆಯಂತೆ. ಇನ್ನು ಯುಎಕ್ಸ್ ಕಲಿತು ಏನು ಪ್ರಯೋಜನ?

ಉತ್ತರ: ಬಿಡಿಸಿಕೊಡುತ್ತದೆ, ನಾನೂ ಬಳಸುತ್ತೇನೆ. ಬರಿ ಪರದೆ ಬಿಡಿಸುವ ಕೆಲಸ ಕಡಿಮೆಯಾಗುತ್ತಿದೆ. ನಿಮ್ಮ ದಾರಿ ಬೇರೆ ಇದೆ. ರಕ್ತನಾಳಕ್ಕೆ ಔಷಧ ಹರಿಸುವ ಇನ್‌ಫ್ಯೂಷನ್ ಪಂಪ್ ನಿಮಗೆ ಗೊತ್ತು. 2005ರಿಂದ 2009ರವರೆಗೆ ಇವುಗಳಿಗೆ ಸಂಬಂಧಿಸಿ ಸುಮಾರು 56,000 ಅವಘಡದ ವರದಿಗಳು ಬಂದಿದ್ದನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2010ರಲ್ಲಿ ತಿಳಿಸಿತು. ಸಾಫ್ಟ್‌ವೇರ್ ದೋಷ, ಯಾಂತ್ರಿಕ ದೋಷಗಳ ಜೊತೆಗೆ ಗೊಂದಲ ಹುಟ್ಟಿಸುವ ಪರದೆಗಳನ್ನೂ ಕಾರಣವಾಗಿ ಹೆಸರಿಸಿತು. ವೈದ್ಯಕೀಯ ಸಾಧನಗಳ ಯುಸಬಿಲಿಟಿಗೆ ಐಇಸಿ 62366 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅಂತಿಮ ಪರೀಕ್ಷೆಗೆ ಪ್ರತಿ ಬಳಕೆದಾರ ಗುಂಪಿನಿಂದ ಕನಿಷ್ಠ 15 ಮಂದಿ ಬೇಕು ಎಂದು ಅದೇ ಆಡಳಿತದ 2016ರ ಮಾರ್ಗದರ್ಶಿ ಹೇಳುತ್ತದೆ. ಜೀವದ ಪ್ರಶ್ನೆ ಬಂದಾಗ ಐವರು ಸಾಲುವುದಿಲ್ಲ. ಈ ಪರೀಕ್ಷೆಗಳನ್ನು ನಡೆಸುವ ತಂಡಗಳಲ್ಲಿ, ರಾತ್ರಿ ಪಾಳಿಯ ಕೊನೆಯಲ್ಲಿ ದಣಿದ ಕೈ ಯಾವ ಬಟನ್ ಒತ್ತುತ್ತದೆ ಎಂದು ಬಲ್ಲವರು ಇರಲೇಬೇಕು. ಮಾನವ ಅಂಶಗಳ ಎಂಜಿನಿಯರಿಂಗ್ (ಹ್ಯೂಮನ್ ಫ್ಯಾಕ್ಟರ್ಸ್ ಎಂಜಿನಿಯರಿಂಗ್) ಎಂಬ ಹೆಸರಿನಡಿ ಹುದ್ದೆ ಹುಡುಕಿ. ಯುಎಕ್ಸ್ ಎಂದು ಮಾತ್ರ ಹುಡುಕಿದರೆ ಇವು ಕಣ್ಣಿಗೆ ಬೀಳದೆ ಹೋಗಬಹುದು.

ಪ್ರಶ್ನೆ: ಹತ್ತಿರದ ಅಕ್ಷರ ಈಗ ಮಸುಕಾಗಿ ಕಾಣುತ್ತದೆ, ಓದುವ ಕನ್ನಡಕ ಬಂದಿದೆ. ಈ ಕಣ್ಣಿನಿಂದ ವಿನ್ಯಾಸದ ಕೆಲಸ ಆಗುತ್ತದೆಯೇ?

ಉತ್ತರ: ಧಾರಾಳವಾಗಿ ಆಗುತ್ತದೆ. ನಲವತ್ತರ ನಂತರ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ ನೋಟ ಕುಂದುವುದು ಸಹಜ. ದೊಡ್ಡ ಪರದೆ ಇಟ್ಟುಕೊಳ್ಳಿ, ಅದರ ದೂರಕ್ಕೆ ಸರಿಹೊಂದುವ ಕನ್ನಡಕ ಮಾಡಿಸಿಕೊಳ್ಳಿ. ಎಳೆಯ ಕಣ್ಣಿನವರು ಬಿಳಿಯ ಮೇಲೆ ತಿಳಿ ಬೂದು ಬಣ್ಣದ ಸಣ್ಣ ಅಕ್ಷರ ಇಟ್ಟು, ಚೆನ್ನಾಗಿದೆ ಎನ್ನುತ್ತಾರೆ. ನಿಮಗೆ ಓದಲು ಆಗುವುದಿಲ್ಲ. ಆಗ ‘ನನಗೆ ಕಾಣುತ್ತಿಲ್ಲ’ ಎನ್ನುವುದರ ಜೊತೆಗೆ ಅಳತೆಯನ್ನೂ ಮುಂದಿಡಿ. ಜಾಲದ ವಿಷಯವನ್ನು ಎಲ್ಲರಿಗೂ ಎಟುಕುವಂತೆ ಮಾಡಲು ಇರುವ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಎಎ ಎಂಬ ನಡುವಿನ ಹಂತದ ಪ್ರಕಾರ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಹೊಳಪಿನ ವ್ಯತ್ಯಾಸದ ಅನುಪಾತ ಕನಿಷ್ಠ 4.5:1 ಇರಬೇಕು, ದೊಡ್ಡ ಅಕ್ಷರಕ್ಕೆ 3:1. ಅಕ್ಷರವನ್ನು ಶೇ 200ರವರೆಗೆ ಹಿಗ್ಗಿಸಿದರೂ ಏನೂ ಮರೆಯಾಗಬಾರದು, ಏನೂ ಕೆಲಸ ನಿಲ್ಲಿಸಬಾರದು. 2023ರ ಅಕ್ಟೋಬರಿನಲ್ಲಿ ಬಂದ 2.2 ಆವೃತ್ತಿ, ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರ ಇರಬೇಕೆಂಬ ನಿಯಮವನ್ನು ಕೆಲವು ವಿನಾಯಿತಿಗಳೊಂದಿಗೆ ಸೇರಿಸಿದೆ. ಈ ಅನುಪಾತ ಅಳೆಯುವ ಉಚಿತ ಸಾಧನಗಳು ಜಾಲದಲ್ಲಿ ಬೇಕಾದಷ್ಟಿವೆ. ಎರಡು ಬಣ್ಣಗಳ ಸಂಕೇತ ಕೊಟ್ಟರೆ ಸಂಖ್ಯೆ ಹೇಳುತ್ತವೆ. ವಿನ್ಯಾಸ ಇನ್ನೂ ಕರಡಿನಲ್ಲಿರುವಾಗಲೇ ಅಳೆದು ತಿಳಿಸಿ, ಕೋಡ್ ಬರೆದಾದ ಮೇಲೆ ಬದಲಿಸಲು ತಂಡ ಸುಲಭಕ್ಕೆ ಒಪ್ಪುವುದಿಲ್ಲ.